ಕೆಲಸ ಕೊಟ್ಟಿರಿ, ತೀರ್ಮಾನ ಯಾರ ಹತ್ತಿರ ಇದೆ?

ಟೀಮಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಲೀಡರ್ ಒಂದು ಮೆಸೇಜ್ ಹಾಕುತ್ತಾರೆ. “ಇದನ್ನ ಯಾರಾದ್ರೂ ಸ್ವಲ್ಪ ನೋಡ್ತೀರಾ? ಅರ್ಜೆಂಟ್.” ಎರಡು ನಿಮಿಷದೊಳಗೆ ನಾಲ್ಕು ಹೆಬ್ಬೆರಳು ಬೀಳುತ್ತವೆ. ಸಂಜೆಯಾದರೂ ಕೆಲಸ ಇದ್ದಲ್ಲೇ ಇರುತ್ತದೆ. ಹೆಬ್ಬೆರಳು ಒತ್ತಿದವರು “ಓದಿದೆ” ಅಂತ ಒತ್ತಿದ್ದಾರೆ, ಲೀಡರ್ ಅದನ್ನು “ಮಾಡ್ತೀನಿ” ಅಂತ ತಿಳಿದುಕೊಂಡಿದ್ದಾರೆ. ಕೊನೆಗೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಲೀಡರೇ ಲ್ಯಾಪ್‌ಟಾಪ್ ತೆಗೆದು ಕೂತು ಮುಗಿಸುತ್ತಾರೆ. ಮಾರನೇ ದಿನ ಮುಖ ಊದಿರುತ್ತದೆ. “ಇಲ್ಲಿ ಎಲ್ಲಾ ನಾನೇ ಮಾಡಬೇಕು” ಅನ್ನುವ ಮಾತು ಹುಟ್ಟುವುದು ಇಂಥ ರಾತ್ರಿಗಳಲ್ಲೇ.

ಅವರು ಕೇಳಿದ್ದು ಯಾರನ್ನೂ ಅಲ್ಲ, ಹಾಗಾಗಿ ಯಾರೂ ಮಾಡಲಿಲ್ಲ. ಅಷ್ಟೇ ವಿಷಯ. ಆದರೆ ಅವರ ಲೆಕ್ಕ ಬೇರೆ: ನಾನು ಕೆಲಸ ಹಂಚಿ ನೋಡಿದೆ, ಇವರು ಮಾಡಲಿಲ್ಲ, ಇನ್ನು ಮೇಲೆ ಹಂಚುವುದಿಲ್ಲ.

ನಮ್ಮಲ್ಲಿ ಗಾದೆಯೇ ಇದೆಯಲ್ಲ, ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅಂತ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ, ಈ ಗಾದೆಯೂ ಪೂರ್ತಿ ಸುಳ್ಳಲ್ಲ. ಒಂದು ಕೆಲಸವನ್ನು ವರ್ಷಗಟ್ಟಲೆ ಮಾಡಿದವರು ಮೊದಲ ಸಲ ಮಾಡುವವರಿಗಿಂತ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಗಾದೆ ಕಟ್ಟಿದವನಿಗೆ ಇದ್ದದ್ದು ಒಬ್ಬ ಮಗ, ಒಬ್ಬ ಆಳು ಅಂತ ಕಾಣುತ್ತದೆ. ಹನ್ನೆರಡು ಜನರ ಟೀಮು, ಒಂದರ ಮೇಲೊಂದು ಡೆಡ್‌ಲೈನು, ಬೆಳಗ್ಗೆಯಿಂದ ಸಂಜೆವರೆಗೆ ಮೀಟಿಂಗು ಇದ್ದವನ ಗಾದೆ ಅಲ್ಲ ಅದು. ತಾನು ಮಾಡಿದ್ದು ಉತ್ತಮವೇ ಇರಬಹುದು, ಅದನ್ನು ಮಾಡುತ್ತಾ ಕೂತಿದ್ದರಿಂದ ಕೈಬಿಟ್ಟು ಹೋದದ್ದರ ಲೆಕ್ಕ ಗಾದೆಯಲ್ಲಿ ಇಲ್ಲ.

ಕೆಲಸ ಹಂಚುವುದರ ಬಗ್ಗೆ ಸಿಗುವ ಸಲಹೆಗಳೆಲ್ಲ “ನಂಬಿಕೆ ಇಡಿ, ಬಿಟ್ಟುಕೊಡಿ” ಅನ್ನುತ್ತವೆ. ಸರಿ, ಏನನ್ನು ಬಿಟ್ಟುಕೊಡಬೇಕು? ನಾನು ನೋಡಿದ ಮಟ್ಟಿಗೆ ಹೆಚ್ಚಿನ ಲೀಡರ್‌ಗಳು ಕೆಲಸವನ್ನು ಧಾರಾಳವಾಗಿಯೇ ಕೊಡುತ್ತಾರೆ. ತೀರ್ಮಾನವನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಮುಕ್ಕಾಲು ಪಾಲು ತೊಂದರೆ ಇದರಿಂದಲೇ ಅಂತ ನನ್ನ ಅನಿಸಿಕೆ.

ಒಂದು ಸಾಮಾನ್ಯ ಕೆಲಸ ತೆಗೆದುಕೊಳ್ಳಿ, ಹೊಸದಾಗಿ ಸೇರಿದವರಿಗೆ ಎರಡು ದಿನದ ಟ್ರೈನಿಂಗ್ ಏರ್ಪಾಡು ಮಾಡುವುದು. “ಇದು ಪೂರ್ತಿ ನಿಮ್ಮದೇ” ಅಂತ ಹೇಳಿ ಕೊಟ್ಟಾಯಿತು. ದಿನಾಂಕ ಲೀಡರ್ ಹೇಳಿದ್ದು. ಯಾರು ಪಾಠ ಮಾಡಬೇಕು ಅನ್ನುವುದು ಲೀಡರ್ ಮನಸ್ಸಿನಲ್ಲಿ ಮೊದಲೇ ಇದೆ. ಯಾವ ವಿಷಯ ಮೊದಲು, ಯಾವುದು ಆಮೇಲೆ, ಅದಕ್ಕೂ ಒಪ್ಪಿಗೆ ಬೇಕು. ಮೇಲ್ ಕಳಿಸುವ ಮುಂಚೆ “ಒಂದ್ ಸಲ ನನಗೆ ತೋರಿಸಿ”. ಕೊನೆಗೆ ಕೆಲಸ ವಹಿಸಿಕೊಂಡವರ ಪಾಲಿಗೆ ಉಳಿದದ್ದು ಫೋನ್ ಮಾಡುವುದು, ರೂಮ್ ಬುಕ್ ಮಾಡುವುದು, ಉತ್ತರ ಕೊಡದವರಿಗೆ ಮತ್ತೆ ಮತ್ತೆ ನೆನಪಿಸುವುದು. ಓಡಾಟ ಇವರದು, ತಲೆ ಅವರದು. ಇದರಿಂದ ಲೀಡರ್‌ಗೆ ಉಳಿಯುವ ಸಮಯವೂ ಅಷ್ಟಕ್ಕಷ್ಟೆ, ಯಾಕೆಂದರೆ ಪ್ರತಿ ಹೆಜ್ಜೆಗೂ ಕೇಳಲು ಬರುತ್ತಾರೆ, ಬರಲೇಬೇಕು. ಆಮೇಲೆ ಅದೇ ಲೀಡರ್ “ನಮ್ಮ ಹುಡುಗರು ಸ್ವಂತವಾಗಿ ಯೋಚನೆ ಮಾಡಲ್ಲ” ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಯೋಚನೆ ಮಾಡುವುದಕ್ಕೆ ಜಾಗ ಎಲ್ಲಿ ಬಿಟ್ಟಿದ್ದರು?

ಇದನ್ನು ನೆನೆದಾಗಲೆಲ್ಲ ನನಗೆ ಒಂದು ಸಬ್‌ಮರೀನಿನ ಪ್ರಸಂಗ ನೆನಪಾಗುತ್ತದೆ. 1999ರಲ್ಲಿ ಅಮೆರಿಕದ ನೌಕಾಪಡೆಯ ಡೇವಿಡ್ ಮಾರ್ಕೆ ಅವರು ಯುಎಸ್‌ಎಸ್ ಸಾಂಟಾ ಫೆ ಅನ್ನುವ ಅಣು ಸಬ್‌ಮರೀನಿನ ಕ್ಯಾಪ್ಟನ್ ಆದರು. ತಮಾಷೆ ಏನೆಂದರೆ, ಅವರು ವರ್ಷಪೂರ್ತಿ ಓದಿ ತಯಾರಾಗಿದ್ದು ಬೇರೆಯೇ ಸಬ್‌ಮರೀನಿಗೆ, ಯುಎಸ್‌ಎಸ್ ಒಲಿಂಪಿಯಾಕ್ಕೆ. ಕೊನೇ ಗಳಿಗೆಯಲ್ಲಿ ಇದು ಸಿಕ್ಕಿತು. ಒಂದು ತಾಲೀಮಿನಲ್ಲಿ ರಿಯಾಕ್ಟರ್ ನಿಲ್ಲಿಸಿ, ಬ್ಯಾಟರಿಯಿಂದ ಓಡುವ ಸಣ್ಣ ಮೋಟಾರಿನಲ್ಲಿ ಸಾಗುತ್ತಿದ್ದಾಗ, ವೇಗವನ್ನು ಮೂರರಲ್ಲಿ ಎರಡು ಪಾಲಿಗೆ ಏರಿಸೋಣ ಅಂದರು. ಡ್ಯೂಟಿಯಲ್ಲಿದ್ದ ಅಧಿಕಾರಿ ಅದನ್ನೇ ಆರ್ಡರ್ ಮಾಡಿ ಮುಂದಕ್ಕೆ ಕೂಗಿದರು. ಚುಕ್ಕಾಣಿಯ ಹತ್ತಿರ ಕೂತಿದ್ದವನು ಮಾತ್ರ ಏನೂ ಮಾಡದೆ ಕೂತಲ್ಲೇ ಮಿಸುಕಾಡಿದ. ಯಾಕಪ್ಪಾ ಅಂದರೆ, ಈ ಸಬ್‌ಮರೀನಿನ ಆ ಮೋಟಾರಿಗೆ ಅಂಥದ್ದೊಂದು ವೇಗವೇ ಇಲ್ಲ! ಬೇರೆ ಸಬ್‌ಮರೀನುಗಳಲ್ಲಿ ಇತ್ತು, ಇದರಲ್ಲಿ ಇಲ್ಲ. ಆ ಅಧಿಕಾರಿಗೆ ಇದು ಗೊತ್ತಿತ್ತಾ? ಗೊತ್ತಿತ್ತು. ಮತ್ತೆ ಯಾಕೆ ಆರ್ಡರ್ ಕೊಟ್ಟಿರಿ? ನೀವು ಹೇಳಿದಿರಲ್ಲ, ಅದಕ್ಕೆ.

ಈ ಉತ್ತರ ನಮಗೆಲ್ಲ ಚಿರಪರಿಚಿತ. “ನೀವೇ ಹೇಳಿದ್ರಲ್ಲ ಸಾರ್” ಅನ್ನುವುದು ಎಷ್ಟು ಗಟ್ಟಿ ಗುರಾಣಿ ಅಂದರೆ ಅದರ ಹಿಂದೆ ನಿಂತವರನ್ನು ಯಾರೂ ಏನೂ ಅನ್ನುವ ಹಾಗಿಲ್ಲ. ಹೇಳಿದ್ದನ್ನು ಮಾಡಿದರೆ ತಪ್ಪು ಹೇಳಿದವರದು. ತಾನಾಗಿ ಮಾಡಿದರೆ ತಪ್ಪು ತನ್ನದು. ಯಾವುದು ವಾಸಿ ಅಂತ ಲೆಕ್ಕ ಹಾಕಲು ಜಾಸ್ತಿ ಬುದ್ಧಿ ಬೇಕಾಗಿಲ್ಲ.

ಮಾರ್ಕೆ ಅಲ್ಲಿಂದ ಮುಂದೆ ಆರ್ಡರ್ ಕೊಡುವುದನ್ನೇ ಕಮ್ಮಿ ಮಾಡಿದರು. ಅಧಿಕಾರಿಗಳು ಬಂದು “ಇದನ್ನು ಮಾಡಲಾ?” ಅಂತ ಕೇಳುವ ಬದಲು “ಹೀಗೆ ಮಾಡಬೇಕು ಅಂತಿದ್ದೀನಿ” ಅಂತ ಹೇಳಬೇಕು, ಜೊತೆಗೆ ಯಾಕೆ ಅನ್ನುವುದನ್ನೂ ಹೇಳಬೇಕು. ಕ್ಯಾಪ್ಟನ್ “ಸರಿ” ಅನ್ನುತ್ತಾರೆ. ಮೇಲುನೋಟಕ್ಕೆ ಬರೀ ಮಾತಿನ ವರಸೆ ಬದಲಾದಂತೆ ಕಾಣುತ್ತದೆ. ಆದರೆ “ಮಾಡಲಾ?” ಅಂತ ಕೇಳುವವನು ಯೋಚನೆಯನ್ನು ನಿಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತಾನೆ. “ಮಾಡ್ತಾ ಇದ್ದೀನಿ, ಕಾರಣ ಇದು, ಅಪಾಯ ಇಷ್ಟು” ಅನ್ನುವವನು ಯೋಚನೆ ಮುಗಿಸಿಕೊಂಡೇ ಬಂದಿರುತ್ತಾನೆ, ನೀವು ಏನಾದರೂ ಬಿಟ್ಟುಹೋಗಿದೆಯಾ ಅಂತ ನೋಡಿದರೆ ಸಾಕು. ಮಾರ್ಕೆ ತಮ್ಮ ಹತ್ತಿರ ಉಳಿಸಿಕೊಂಡದ್ದು ಶಸ್ತ್ರ ಹಾರಿಸುವ ತೀರ್ಮಾನವನ್ನು. ನೂರಕ್ಕೂ ಜಾಸ್ತಿ ಜನ ನೀರಿನ ಅಡಿಯಲ್ಲಿ ಅಣು ರಿಯಾಕ್ಟರ್ ಪಕ್ಕ ಕೂತಿದ್ದಾಗ ಇಷ್ಟು ಬಿಟ್ಟುಕೊಡಬಹುದಾದರೆ, ನಮ್ಮ ಪಿಪಿಟಿಯ ಮೂರನೇ ಸ್ಲೈಡಿನ ಬಣ್ಣವನ್ನೂ ಬಿಟ್ಟುಕೊಡಬಹುದು ಅನ್ನಿಸುತ್ತದೆ.

ಕೆಲಸ ಕೊಡುವುದಾದರೂ ಸುಲಭ, ಕೊಟ್ಟ ಕೆಲಸ ವಾಪಸ್ ಬರದ ಹಾಗೆ ನೋಡಿಕೊಳ್ಳುವುದು ಅದಕ್ಕಿಂತ ಕಷ್ಟ. ಇದರ ಬಗ್ಗೆ ವಿಲಿಯಂ ಆಂಕನ್ ಮತ್ತು ಡೊನಾಲ್ಡ್ ವಾಸ್ 1974ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದದ್ದು ಇವತ್ತಿಗೂ ಹಳತಾಗಿಲ್ಲ. ಅವರು ಕೆಲಸದ ಮುಂದಿನ ಹೆಜ್ಜೆಯನ್ನು ಕೋತಿ ಅಂತ ಕರೆದರು. ಕೋತಿ ಯಾರ ಬೆನ್ನ ಮೇಲಿದೆ ಅನ್ನುವುದೇ ಪ್ರಶ್ನೆ. ನೋಡುತ್ತಾ ನೋಡುತ್ತಾ ಅದು ಹೇಗೆ ಜಿಗಿಯುತ್ತದೆ ಅನ್ನುವುದನ್ನು ಯಾವ ಆಫೀಸಿನ ಕಾರಿಡಾರಿನಲ್ಲಾದರೂ ನೋಡಬಹುದು.

“ಮೇಡಂ, ಒಂದ್ನಿಮಿಷ. ಆ ವೆಂಡರ್ ಮತ್ತೆ ತಾರೀಕು ಮುಂದಕ್ಕೆ ಹಾಕ್ತಿದ್ದಾರೆ.”

“ಹೌದಾ? ಎಷ್ಟು ದಿನ?”

“ಒಂದು ವಾರ ಅಂತಾರೆ. ಏನ್ ಮಾಡೋಣ?”

“ಈಗ ಮೀಟಿಂಗಿಗೆ ಹೊರಟಿದ್ದೀನಿ. ಯೋಚನೆ ಮಾಡಿ ಹೇಳ್ತೀನಿ ಬಿಡಿ.”

ಮುಗಿಯಿತು. ಅರ್ಧ ನಿಮಿಷದಲ್ಲಿ ಕೆಲಸ ಕೆಳಗಿನಿಂದ ಮೇಲಕ್ಕೆ ಹೋಯಿತು. ಕೇಳಿದವರು ಹಗುರಾಗಿ ಸೀಟಿಗೆ ವಾಪಸ್ ಹೋಗುತ್ತಾರೆ, ಎರಡು ದಿನ ಬಿಟ್ಟು ಅವರೇ ಬಂದು “ಮೇಡಂ, ಆ ವಿಷಯ ಏನಾಯ್ತು?” ಅಂತ ಫಾಲೋ ಅಪ್ ಮಾಡುತ್ತಾರೆ. ಈಗ ಯಾರು ಯಾರ ಕೈಕೆಳಗೆ ಕೆಲಸ ಮಾಡುತ್ತಿದ್ದಾರೆ ಹೇಳಿ! ಇದರಲ್ಲಿ ಯಾರದೂ ಕುತಂತ್ರ ಇಲ್ಲ. ಕೇಳಿದವರಿಗೆ ನಿಜವಾಗಿಯೂ ದಾರಿ ಗೊತ್ತಿರಲಿಲ್ಲ, ಕೇಳಿಸಿಕೊಂಡವರಿಗೆ ಸಹಾಯ ಮಾಡುವ ಮನಸ್ಸಿತ್ತು. ಒಳ್ಳೆಯ ಸ್ವಭಾವದ ಲೀಡರ್‌ಗಳ ತಲೆ ಮೇಲೇ ಜಾಸ್ತಿ ಹೊರೆ ಬೀಳುವುದು ಇದಕ್ಕೇ. ಸಿಡುಕಿನವರ ಹತ್ತಿರ ಯಾರೂ ಹೋಗುವುದೇ ಇಲ್ಲ. ಅವರ ತೊಂದರೆಗಳು ಬೇರೆ ರೀತಿಯವು, ತಡವಾಗಿ ಗೊತ್ತಾಗುತ್ತವೆ.

ಅದೇ ಕಾರಿಡಾರಿನಲ್ಲಿ “ನಿಮಗೆ ಏನ್ ಅನ್ಸುತ್ತೆ? ಎರಡು ದಾರಿ ಯೋಚನೆ ಮಾಡಿ, ಮೂರು ಗಂಟೆಗೆ ಬನ್ನಿ, ಕೂತು ಮಾತಾಡೋಣ” ಅಂದಿದ್ದರೆ ಕೆಲಸ ಅವರ ಹತ್ತಿರವೇ ಉಳಿಯುತ್ತಿತ್ತು. ಸಹಾಯವೂ ಸಿಗುತ್ತಿತ್ತು. ಹಾಗಂತ ಇದನ್ನೇ ಮಂತ್ರ ಮಾಡಿಕೊಂಡು ಯಾರು ಏನು ಕೇಳಿದರೂ “ನಿಮಗೇನನ್ಸುತ್ತೆ?” ಅನ್ನುವ ಒಂದು ಜಾತಿಯ ಲೀಡರ್‌ಗಳೂ ಇದ್ದಾರೆ, ಅವರ ಜೊತೆ ಕೆಲಸ ಮಾಡುವುದು ಇನ್ನೊಂದು ಹಿಂಸೆ. ಮೊನ್ನೆ ಸೇರಿದವರಿಗೆ ಏನೂ ಅನ್ನಿಸುವುದಿಲ್ಲ, ಪಾಪ, ಅವರಿಗೆ ಗೊತ್ತೇ ಇಲ್ಲ. ಅವರಿಗೆ ಪಕ್ಕದಲ್ಲಿ ಕೂತು ತೋರಿಸಿಕೊಡಬೇಕು. ಒಬ್ಬರೇ ಮನುಷ್ಯರು ಒಂದು ಕೆಲಸದಲ್ಲಿ ಪಳಗಿ, ಇನ್ನೊಂದರಲ್ಲಿ ಹೊಸಬರಾಗಿರಬಹುದು ಅನ್ನುವುದನ್ನು ನಾವು ಮರೆಯುತ್ತೇವೆ. ಕೋಡ್ ಬರೆಯುವುದರಲ್ಲಿ ಹುಲಿ ಆದವರಿಗೆ ಮೊದಲ ಸಲ ಒಬ್ಬ ಸಿಟ್ಟಾದ ಕ್ಲೈಂಟ್ ಜೊತೆ ಮಾತಾಡಲು ಹೇಳಿ, “ನೀವು ಸೀನಿಯರ್ ಅಲ್ವಾ, ನೋಡ್ಕೊಳ್ಳಿ” ಅಂದರೆ ಅದು ನಂಬಿಕೆ ಅಲ್ಲ, ನೀರಿಗೆ ನೂಕುವುದು. ಎಷ್ಟು ಬಿಟ್ಟುಕೊಡಬೇಕು ಅನ್ನುವುದು ಆ ಮನುಷ್ಯನ ಹುದ್ದೆ ನೋಡಿ ಅಲ್ಲ, ಆ ಕೆಲಸದಲ್ಲಿ ಅವರ ಕೈ ಎಷ್ಟು ಪಳಗಿದೆ ಅನ್ನುವುದನ್ನು ನೋಡಿ.

ಇನ್ನು ಕೆಲಸ ಹೇಳುವ ರೀತಿ. “ಕಸ್ಟಮರ್ ದೂರುಗಳ ಬಗ್ಗೆ ಒಂದು ರಿಪೋರ್ಟ್ ಮಾಡಿ” ಅಂತ ಹೇಳಿದರೆ ಕೇಳಿದವರು ಏನು ಮಾಡಬೇಕು? ಯಾರು ಓದುತ್ತಾರೆ, ಎಷ್ಟು ಉದ್ದ, ಯಾವಾಗಿನಿಂದ ಯಾವಾಗಿನವರೆಗೆ, ಒಂದೂ ಗೊತ್ತಿಲ್ಲ. ಅವರು ನಲವತ್ತು ಸ್ಲೈಡ್ ಮಾಡಿ ತರುತ್ತಾರೆ. ನೀವು “ಇಷ್ಟೆಲ್ಲ ಯಾಕೆ?” ಅನ್ನುತ್ತೀರಿ. ಅದೇ ಕೆಲಸವನ್ನು ಹೀಗೆ ಹೇಳಿ ನೋಡಿ:

“ಹದಿನೈದನೇ ತಾರೀಕಿನ ಮೀಟಿಂಗಿನಲ್ಲಿ ಯಾವ ಎರಡು ತೊಂದರೆಗಳನ್ನು ಮೊದಲು ಸರಿಮಾಡಬೇಕು ಅಂತ ತೀರ್ಮಾನ ಆಗಬೇಕು, ಅದಕ್ಕೋಸ್ಕರ ಈ ರಿಪೋರ್ಟ್. ಕಳೆದ ಮೂರು ತಿಂಗಳ ದೂರುಗಳು ಸಾಕು. ಎರಡು ಪುಟ ದಾಟಿದರೆ ಅಲ್ಲಿ ಯಾರೂ ಓದಲ್ಲ. ಹೇಗೆ ವಿಂಗಡಿಸುತ್ತೀರಿ, ಯಾರನ್ನು ಮಾತಾಡಿಸುತ್ತೀರಿ ಎಲ್ಲ ನಿಮ್ಮ ಇಷ್ಟ, ನನ್ನನ್ನು ಕೇಳಬೇಕಾಗಿಲ್ಲ. ಗ್ರಾಹಕರ ಹೆಸರು, ನಂಬರ್ ಮಾತ್ರ ಎಲ್ಲೂ ಬರಬಾರದು. ಹೊರಗಿನವರಿಗೆ ಏನಾದರೂ ಭರವಸೆ ಕೊಡುವ ಸಂದರ್ಭ ಬಂದರೆ ಮೊದಲು ನನಗೊಂದು ಮಾತು ಹೇಳಿ. ಎಂಟನೇ ತಾರೀಕು ಬರೀ ತಲೆಬರಹಗಳನ್ನು ಹಿಡಿದುಕೊಂಡು ಬನ್ನಿ, ಹತ್ತು ನಿಮಿಷ ನೋಡೋಣ.”

ಇದನ್ನು ಬರೆಯಲು ಐದು ನಿಮಿಷ ಬೇಕು. ಬರೆಯಲು ಕೂತಾಗ ಒಂದು ಮುಜುಗರದ ಸಂಗತಿಯೂ ಹೊರಗೆ ಬರುತ್ತದೆ: ಎಷ್ಟೋ ಸಲ ಏನು ಬೇಕು ಅಂತ ನಮಗೇ ಸರಿಯಾಗಿ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅವರು ಏನೋ ಒಂದು ಮಾಡಿ ತಂದ ಮೇಲೆ “ಇದಲ್ಲ” ಅನ್ನುವುದು ಕೆಲಸ ಹಂಚುವ ಹೆಸರಿನಲ್ಲಿ ನಡೆಯುವ ದೊಡ್ಡ ಅನ್ಯಾಯ. ಗೊತ್ತಿಲ್ಲದಿದ್ದರೆ ಹಾಗಂತಲೇ ಹೇಳಬಹುದಲ್ಲ. “ನನಗೂ ಇದು ಸ್ಪಷ್ಟ ಇಲ್ಲ, ಮೊದಲ ವಾರ ಸುಮ್ನೆ ಓಡಾಡಿ ಏನಿದೆ ಅಂತ ನೋಡಿ ಬನ್ನಿ” ಅನ್ನುವುದೂ ಒಂದು ಒಳ್ಳೆಯ ಕೆಲಸವೇ, ಅದನ್ನು ಖುಷಿಯಿಂದ ಮಾಡುವವರು ಟೀಮಿನಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಹೇಳಿ ಮುಗಿಸಿದ ಮೇಲೆ “ಅರ್ಥ ಆಯ್ತಾ?” ಅಂತ ಕೇಳಬೇಡಿ. ಇದಕ್ಕೆ “ಆಯ್ತು” ಅನ್ನುವುದು ಬಿಟ್ಟು ಬೇರೆ ಉತ್ತರ ಬಂದದ್ದನ್ನು ನಾನು ಕೇಳಿಲ್ಲ. ಶಾಲೆಯಲ್ಲಿ ಕಲಿತ ಚಾಳಿ ಇದು. “ಮೊದಲು ಎಲ್ಲಿಂದ ಶುರು ಮಾಡ್ತೀರಿ?” ಅಂತ ಕೇಳಿ. ಅರ್ಧ ನಿಮಿಷದ ಆ ಉತ್ತರದಲ್ಲಿ, ನೀವು ಹೇಳಿದ್ದು ಎಷ್ಟು ತಲುಪಿದೆ, ಎಲ್ಲಿ ಬೇರೆ ದಾರಿ ಹಿಡಿದಿದೆ ಎಲ್ಲ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಜನ ಎಡವುವುದು ಇನ್ನೊಂದು ಕಡೆ. ತೀರ್ಮಾನ ಇವರದು ಅಂತ ಇವರಿಗೆ ಹೇಳಿರುತ್ತಾರೆ, ಉಳಿದವರಿಗೆ ಹೇಳಿರುವುದಿಲ್ಲ. ಹಿಂದೆ ನನಗೆ ಹೀಗೆ ಒಂದು ಪ್ರಾಜೆಕ್ಟ್ ಸಿಕ್ಕಿತ್ತು. ನಾನು ಕ್ಲೈಂಟ್‌ಗೆ ಮೇಲ್ ಮಾಡುತ್ತಿದ್ದೆ, ಅವರು ನನ್ನ ಮೇಲಿನವರಿಗೆ ಫೋನ್ ಮಾಡುತ್ತಿದ್ದರು, ಮೇಲಿನವರು ಫೋನಿನಲ್ಲೇ “ಆಯ್ತು, ಮಾಡಿಕೊಡೋಣ” ಅಂದುಬಿಡುತ್ತಿದ್ದರು. ನಾನು “ಆಗಲ್ಲ” ಅಂತ ಬರೆದ ಮೇಲ್ ಇನ್ನೂ ಬಿಸಿ ಇರುವಾಗಲೇ! ಕೆಲವೇ ದಿನಗಳಲ್ಲಿ ಕ್ಲೈಂಟ್ ನನಗೆ ಉತ್ತರ ಕೊಡುವುದನ್ನೇ ನಿಲ್ಲಿಸಿದರು, ಅವರ ತಪ್ಪೇನೂ ಇಲ್ಲ, ಎಲ್ಲಿ ಕೆಲಸ ಆಗುತ್ತದೆ ಅಂತ ಅವರಿಗೆ ಗೊತ್ತಾಗಿತ್ತು. ನನ್ನ ಹತ್ತಿರ ಉಳಿದದ್ದು ಸ್ಟೇಟಸ್ ಶೀಟ್ ತುಂಬುವ ಕೆಲಸ.

ಆಮೇಲೆ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಿದೆ. ಅವರು ಮಾಡಿದ್ದು ಬಹಳ ಸಣ್ಣ ಕೆಲಸ. ಕೆಲಸ ಕೊಟ್ಟ ದಿನವೇ ಸಂಬಂಧಪಟ್ಟವರಿಗೆಲ್ಲ ಎರಡು ಸಾಲಿನ ಮೇಲ್ ಹಾಕಿದರು, ಈ ವಿಷಯದಲ್ಲಿ ಇನ್ನು ಮೇಲೆ ತೀರ್ಮಾನ ಇವರದು, ನನ್ನನ್ನು ಕೇಳಿದರೂ ನಾನು ಇವರನ್ನೇ ಕೇಳಿ ಹೇಳುತ್ತೇನೆ ಅಂತ. ಒಬ್ಬರು ಅವರಿಗೇ ಫೋನ್ ಮಾಡಿದಾಗ ನಾನು ಎದುರಿಗೇ ಕೂತಿದ್ದೆ. ಆ ಕಡೆಯವರು ಕೇಳಿದ್ದಕ್ಕೆ ಉತ್ತರ ಅವರಿಗೆ ಗೊತ್ತಿತ್ತು, ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ “ಅವರು ಇಲ್ಲೇ ಇದ್ದಾರೆ, ಕೊಡ್ತೀನಿ” ಅಂತ ಫೋನ್ ನನ್ನ ಕೈಗೆ ಕೊಟ್ಟು, ತಮ್ಮ ಪಾಡಿಗೆ ಸ್ಕ್ರೀನ್ ನೋಡುತ್ತಾ ಕೂತರು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಅನ್ನುವುದು ಗೊತ್ತಿರುವವರಿಗೇ ಗೊತ್ತು. ಅಧಿಕಾರ ಮತ್ತು ಹೊಣೆ ಜೊತೆಜೊತೆಗೇ ಇರಬೇಕು ಅಂತ ಫ್ರೆಂಚ್ ಗಣಿ ಎಂಜಿನಿಯರ್ ಹೆನ್ರಿ ಫೆಯೋಲ್ 1916ರಲ್ಲೇ ಬರೆದರು. ನೂರು ವರ್ಷ ಕಳೆದರೂ ನಾವು ಹೊಣೆಯನ್ನು ಮೇಲ್‌ನಲ್ಲಿ ಕೊಡುತ್ತೇವೆ, ಅಧಿಕಾರವನ್ನು ಮನಸ್ಸಿನಲ್ಲೇ ಕೊಡುತ್ತೇವೆ. ಪಾಸ್‌ವರ್ಡ್, ಫೋಲ್ಡರಿನ ಆಕ್ಸೆಸ್, ಸಹಿ ಹಾಕುವ ಮಿತಿ, ಇವೂ ಅಧಿಕಾರವೇ. ಸಣ್ಣ ಖರ್ಚಿಗೂ ಮೂರು ಅಪ್ರೂವಲ್ ಬೇಕಾದವರ ಹತ್ತಿರ ತೀರ್ಮಾನ ಇದೆ ಅಂತ ಹೇಗೆ ಹೇಳುವುದು?

ಮಧ್ಯೆ ಮಧ್ಯೆ ವಿಚಾರಿಸಬೇಕಾ ಬೇಡವಾ ಅನ್ನುವುದು ಎಲ್ಲರನ್ನೂ ಕಾಡುವ ಪ್ರಶ್ನೆ. ವಿಚಾರಿಸಿದರೆ ಮೂಗು ತೂರಿಸಿದ ಹಾಗೆ, ವಿಚಾರಿಸದಿದ್ದರೆ ಕೈ ತೊಳೆದುಕೊಂಡ ಹಾಗೆ. ಮನಸ್ಸಿಗೆ ದಿಗಿಲಾದಾಗ ವಿಚಾರಿಸುವುದೇ ಇದರಲ್ಲಿ ತಪ್ಪು. ನಿಮ್ಮ ದಿಗಿಲಿಗೆ ಟೈಮ್‌ಟೇಬಲ್ ಇಲ್ಲ, ರಾತ್ರಿ ಹನ್ನೊಂದಕ್ಕೂ ಬರಬಹುದು. “ಎಲ್ಲಿಗೆ ಬಂತು?” ಅಂತ ಆ ಹೊತ್ತಿನಲ್ಲಿ ಬಂದ ಒಂದು ಮೆಸೇಜು ಓದಿದವರಿಗೆ “ನಿಮ್ಮ ಮೇಲೆ ನಂಬಿಕೆ ಇಲ್ಲ” ಅಂತಲೇ ಕೇಳಿಸುತ್ತದೆ. ಅದಕ್ಕೇ ಮೇಲೆ ಎಂಟನೇ ತಾರೀಕು ಅಂತ ಮೊದಲೇ ಹೇಳಿದ್ದು. ಆ ದಿನ ಮೊದಲೇ ಗೊತ್ತಿದ್ದರೆ ಅದು ಕಾವಲು ಅನ್ನಿಸುವುದಿಲ್ಲ. ಆ ದಿನ ಬರುವವರೆಗೆ ನೀವು ಸುಮ್ಮನಿರಬೇಕು, ಅಷ್ಟೇ, ಅದು ನಿಮ್ಮ ಪಾಲಿನ ಕೆಲಸ.

ಮತ್ತೆ, ನೋಡುವುದಿದ್ದರೆ ಬೇಗ ನೋಡಿ. ತಲೆಬರಹ ಇರುವಾಗ ಬದಲಾಯಿಸಲು ಹತ್ತು ನಿಮಿಷ ಸಾಕು. ಪೂರ್ತಿ ಬರೆದು, ಚಿತ್ರ ಹಾಕಿ, ಪುಟಸಂಖ್ಯೆ ಕೊಟ್ಟು ತಂದ ಮೇಲೆ ಮೊದಲ ಪುಟದ ಯೋಚನೆಯೇ ಸರಿ ಇಲ್ಲ ಅಂದರೆ ಯಾರಿಗಾದರೂ ಕೈಕಾಲು ಬಿದ್ದುಹೋಗುತ್ತದೆ. ಇನ್ನು ಆ ಕೆಂಪು ಕಾಮೆಂಟುಗಳು! ಒಂದೇ ಕಡತದಲ್ಲಿ “ಈ ಲೆಕ್ಕ ತಪ್ಪಿದೆ” ಅನ್ನುವುದೂ ಇರುತ್ತದೆ, “ಈ ವಾಕ್ಯ ಹೀಗಿದ್ದರೆ ಚೆನ್ನ” ಅನ್ನುವುದೂ ಇರುತ್ತದೆ. ಓದುವವರಿಗೆ ಎರಡೂ ಆರ್ಡರೇ. ಮೊದಲನೆಯದು ತಿದ್ದಲೇಬೇಕಾದದ್ದು, ಎರಡನೆಯದು ನಿಮ್ಮ ಅಭಿರುಚಿ. ಅಭಿರುಚಿಯಾದರೆ “ಇದು ನನ್ನ ಇಷ್ಟ ಅಷ್ಟೇ, ಬಿಟ್ಟರೂ ನಡೆಯುತ್ತೆ” ಅಂತ ಬರೆಯಿರಿ. ಇನ್ನೂ ಒಳ್ಳೆಯದು ಅಂದರೆ ಬರೆಯದೇ ಇರುವುದು. ನಿಮ್ಮ ಹಾಗೇ ಮಾಡಬೇಕಿದ್ದರೆ ನೀವೇ ಮಾಡಬಹುದಿತ್ತಲ್ಲ.

ಬೇರೆಯವರ ಕೈಯಲ್ಲಿ ಕೆಲಸ ಇದ್ದಾಗ ಅವರು ನಮಗಿಂತ ಕಮ್ಮಿ ಮಾಡುತ್ತಾರೆ ಅನ್ನುವ ಭಯವೇ ನಮಗೆ ಜಾಸ್ತಿ. ನಮಗಿಂತ ಆಳಕ್ಕೆ ಹೋಗಬಹುದು ಅನ್ನುವುದು ತಲೆಗೇ ಹೊಳೆಯುವುದಿಲ್ಲ. 1969ರ ನವೆಂಬರ್ 14ರಂದು, ಚಂದ್ರನ ಕಡೆಗೆ ಹೊರಟ ಅಮೆರಿಕದ ಅಪೋಲೋ 12 ಮಳೆ ಮೋಡದ ನಡುವೆ ಹಾರಿತು. ಮೇಲೆದ್ದ ಒಂದು ನಿಮಿಷದೊಳಗೆ ಎರಡು ಸಲ ಸಿಡಿಲು ಬಡಿಯಿತು. ನೌಕೆಯ ಒಳಗೆ ಎಚ್ಚರಿಕೆಯ ದೀಪಗಳು ಸಾಲುಸಾಲಾಗಿ ಹತ್ತಿಕೊಂಡವು, ಕೆಳಗೆ ಹ್ಯೂಸ್ಟನ್‌ನ ನಿಯಂತ್ರಣ ಕೋಣೆಯಲ್ಲಿ ಪರದೆಗಳ ಮೇಲೆ ಅಂಕಿಗಳೆಲ್ಲ ಅರ್ಥವಿಲ್ಲದ್ದಾದವು. ನೌಕೆಯ ವಿದ್ಯುತ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದವರು 26 ವರ್ಷದ ಜಾನ್ ಆರನ್. ಸುಮಾರು ಒಂದು ವರ್ಷದ ಹಿಂದೆ ಒಂದು ಪರೀಕ್ಷೆಯ ವೇಳೆ ಇಂಥದ್ದೇ ವಿಚಿತ್ರ ಅಂಕಿಗಳನ್ನು ಅವರು ಕಂಡಿದ್ದರು. ಯಾರೂ ಹೇಳದಿದ್ದರೂ ಅದು ಯಾಕೆ ಬಂತು ಅಂತ ಬೆನ್ನು ಹತ್ತಿ, ಒಂದು ಮೂಲೆಯ ಉಪಕರಣದವರೆಗೆ ಹೋಗಿ ತಿಳಿದುಕೊಂಡಿದ್ದರು. ಈಗ ಅದನ್ನೇ ಹೇಳಿದರು, ಎಸ್‌ಸಿಇ ಅನ್ನುವ ಸ್ವಿಚ್ಚನ್ನು ಆಕ್ಸ್‌ಗೆ, ಅಂದರೆ ಬದಲಿ ಸ್ಥಾನಕ್ಕೆ, ಹಾಕಿ.

ಫ್ಲೈಟ್ ಡೈರೆಕ್ಟರ್ ಜೆರಿ ಗ್ರಿಫಿನ್ ಅವರಿಗೆ ಅದು ಯಾವ ಸ್ವಿಚ್ ಅಂತ ಗೊತ್ತಿರಲಿಲ್ಲ. ಗಗನಯಾತ್ರಿಗಳ ಜೊತೆ ಮಾತಾಡುವ ಹೊಣೆ ಇದ್ದವರಿಗೂ ಗೊತ್ತಿರಲಿಲ್ಲ. ಮೇಲಿದ್ದ ಕಮಾಂಡರ್ ಪೀಟ್ ಕಾನ್ರಾಡ್ “ಅದೇನು ಅದು?” ಅಂದರು. ಗ್ರಿಫಿನ್ ಅದರ ಬಗ್ಗೆ ಪಾಠ ಹೇಳಿಸಿಕೊಳ್ಳಲು ಕೂರಲಿಲ್ಲ. ಹೇಳಿದ್ದನ್ನು ಹಾಗೇ ಮೇಲಕ್ಕೆ ಕಳಿಸಿದರು. ಸ್ವಿಚ್ ಎಲ್ಲಿದೆ ಅಂತ ನೌಕೆಯಲ್ಲಿದ್ದ ಇನ್ನೊಬ್ಬ ಗಗನಯಾತ್ರಿ ಅಲನ್ ಬೀನ್‌ಗೆ ಗೊತ್ತಿತ್ತು, ಹಾಕಿದರು, ಅಂಕಿಗಳು ವಾಪಸ್ ಬಂದವು, ಅಪೋಲೋ 12 ಚಂದ್ರನ ಮೇಲೆ ಇಳಿದು ಬಂತು. ಎಲ್ಲರೂ ಈ ಕಥೆಯಲ್ಲಿ ಆರನ್ ಅವರನ್ನು ಮೆಚ್ಚುತ್ತಾರೆ, ಮೆಚ್ಚಬೇಕಾದ್ದೇ. ನನಗೆ ಗ್ರಿಫಿನ್ ಮೇಲೂ ಅಷ್ಟೇ ಬೆರಗು. ಆ ಕೋಣೆಯಲ್ಲಿ ಪ್ರತಿ ಮೇಜಿಗೂ ಒಬ್ಬರು, ಆ ಮೇಜಿನ ವಿಷಯದಲ್ಲಿ ಅವರ ಮಾತೇ ಮಾತು. ಆ ಏರ್ಪಾಡು ಮುಂಚಿನಿಂದ ಇರದೇ ಹೋಗಿದ್ದರೆ, ಅಷ್ಟು ಸೆಕೆಂಡುಗಳಲ್ಲಿ ಯಾವ ನಾಯಕನಿಗೂ ನಂಬಿಕೆ ಹುಟ್ಟುತ್ತಿರಲಿಲ್ಲ. ಆರನ್ ಕೂಡ ಅಷ್ಟೇ, ವಿದ್ಯುತ್ ವ್ಯವಸ್ಥೆ ತನ್ನದು ಅನ್ನಿಸದೇ ಇದ್ದಿದ್ದರೆ ಆ ವಿಚಿತ್ರ ಅಂಕಿಗಳ ಹಿಂದೆ ಬೀಳುತ್ತಿದ್ದರಾ, ಅನುಮಾನ.

ಹಾಗಂತ ಎಲ್ಲವನ್ನೂ ಹಂಚಲು ಬರುವುದಿಲ್ಲ. ಒಬ್ಬರನ್ನು ಕೆಲಸದಿಂದ ತೆಗೆಯುವ ಮಾತನ್ನು ಇನ್ನೊಬ್ಬರ ಬಾಯಿಂದ ಆಡಿಸಬಾರದು. ಟೀಮಿನ ಇಬ್ಬರ ಜಗಳ, ಸಂಬಳದ ಮಾತು, ಹೊರಗಿನವರ ಮುಂದೆ ಕೇಳಬೇಕಾದ ಕ್ಷಮೆ, ಇವು ಲೀಡರ್ ಕೆಲಸವೇ. ಒಮ್ಮೆ ಮಾಡಿದರೆ ಹಿಂದಕ್ಕೆ ತರಲಾಗದ ತೀರ್ಮಾನಗಳನ್ನೂ ಹುಷಾರಾಗಿ ನೋಡಬೇಕು. ಆದರೆ ನಿಜ ಹೇಳಬೇಕೆಂದರೆ ದಿನನಿತ್ಯ ನಾವು ಹಿಡಿದಿಟ್ಟುಕೊಳ್ಳುವ ತೀರ್ಮಾನಗಳಲ್ಲಿ ಹೆಚ್ಚಿನವು ಅಂಥವಲ್ಲ, ತಪ್ಪಾದರೆ ಸೋಮವಾರ ಬದಲಾಯಿಸಬಹುದು.

ಇನ್ನೊಂದು ಚಾಳಿ ಇದೆ. ಬೇಸರದ ಕೆಲಸವನ್ನೆಲ್ಲ ಹಂಚಿ, ರುಚಿ ಇರುವುದನ್ನು ತಾನೇ ಇಟ್ಟುಕೊಳ್ಳುವುದು. ಮೀಟಿಂಗಿನ ಟಿಪ್ಪಣಿ ಬರೆಯುವುದು ಕಿರಿಯರಿಗೆ, ದೊಡ್ಡವರ ಮುಂದೆ ಮಾತಾಡುವುದು ತನಗೆ. ಇದರ ಜೊತೆಗೆ, ಎಲ್ಲ ಟೀಮಿನಲ್ಲೂ ಒಬ್ಬರು ಇರುತ್ತಾರೆ, ಏನು ಕೊಟ್ಟರೂ ಮುಗಿಸುವವರು, ಇಲ್ಲ ಅನ್ನದವರು. ಎಲ್ಲವೂ ಅವರ ತಲೆ ಮೇಲೇ ಹೋಗುತ್ತದೆ. ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಬಹುಮಾನ ಇನ್ನಷ್ಟು ಕೆಲಸ. ಅವರು ಒಂದು ದಿನ ಸದ್ದಿಲ್ಲದೆ ಬೇರೆ ಕಡೆ ಹೊರಟಾಗ ಲೀಡರ್‌ಗೆ ಆಘಾತವಾಗುತ್ತದೆ. ಅವರ ಪಕ್ಕದಲ್ಲೇ ಇಬ್ಬರು, ಯಾರೂ ಏನೂ ಕೊಡದೇ ಇದ್ದುದರಿಂದ ಏನೂ ಕಲಿಯದೆ ಹಾಗೇ ಕೂತಿರುತ್ತಾರೆ.

ಕೊಟ್ಟ ಕೆಲಸ ಕೆಟ್ಟಾಗ ಏನು ಮಾಡುವುದು? ಇದರ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ಸತೀಶ್ ಧವನ್ ಅವರ ಕಥೆ ನಿಮಗೆ ಗೊತ್ತೇ ಇರುತ್ತದೆ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದಾಗ, ಇಸ್ರೋ ಅಧ್ಯಕ್ಷರಾಗಿ ಪತ್ರಕರ್ತರ ಮುಂದೆ ಕೂತು ಸೋಲನ್ನು ತಾವು ಹೊತ್ತುಕೊಂಡರು. 1980ರ ಜುಲೈ 18ರಂದು ಗೆದ್ದಾಗ ಪತ್ರಕರ್ತರ ಜೊತೆ ನೀವೇ ಮಾತಾಡಿ ಅಂತ ಆ ಪ್ರಾಜೆಕ್ಟಿನ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಕಳಿಸಿದರು. ಕಲಾಂ ಇದನ್ನು ಬಹಳ ಕಡೆ ಹೇಳಿದ್ದಾರೆ. ಕೇಳಿದವರು ಆ ಎರಡು ಪತ್ರಿಕಾಗೋಷ್ಠಿಗಳನ್ನೇ ನೆನಪಿಟ್ಟುಕೊಳ್ಳುತ್ತಾರೆ. ನನ್ನ ಗಮನ ಹೋಗುವುದು ಅವೆರಡರ ನಡುವಿನ ಸುಮಾರು ಹನ್ನೊಂದು ತಿಂಗಳ ಕಡೆಗೆ. ಮೊದಲ ಉಡಾವಣೆಯಲ್ಲಿ ಕಂಪ್ಯೂಟರ್ ತಡೆಹಿಡಿದಿದ್ದರೂ ಮುಂದುವರಿಯೋಣ ಅಂತ ತೀರ್ಮಾನಿಸಿದ್ದವರು ಕಲಾಂ. ಆ ತೀರ್ಮಾನದ ರಾಕೆಟ್ ಸಮುದ್ರಕ್ಕೆ ಬಿತ್ತು. ಆದರೂ ಪ್ರಾಜೆಕ್ಟ್ ಅವರ ಕೈಯಲ್ಲೇ ಉಳಿಯಿತು. ಅವತ್ತು ಅದನ್ನು ಕಿತ್ತು ಇನ್ನೊಬ್ಬರಿಗೆ ಕೊಟ್ಟಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

ನಮ್ಮ ಸಣ್ಣ ಆಫೀಸುಗಳಲ್ಲಿ ಇದರ ಉಲ್ಟಾ ನಡೆಯುತ್ತದೆ. ಒಂದು ಸಲ ಎಡವಿದರೆ ಸಾಕು, ಲೀಡರ್ ಕೆಲಸವನ್ನು ಬಾಯಿಬಿಟ್ಟು ವಾಪಸ್ ಕೇಳುವುದಿಲ್ಲ, ಸುಮ್ನೆ ತೆಗೆದುಕೊಂಡುಬಿಡುತ್ತಾರೆ. ಮೇಲ್‌ಗಳಲ್ಲಿ ಹೆಸರು ಮಾಯವಾಗುತ್ತದೆ, ಮೀಟಿಂಗಿಗೆ ಕರೆ ಬರುವುದಿಲ್ಲ. ಎಡವಿದವರಿಗೆ ಏನು ತಪ್ಪಾಯಿತು ಅಂತಲೂ ಗೊತ್ತಾಗುವುದಿಲ್ಲ, ನೋಡುತ್ತಿದ್ದ ಉಳಿದವರು ಮಾತ್ರ ಪಾಠ ಕಲಿಯುತ್ತಾರೆ: ಇಲ್ಲಿ ಏನನ್ನೂ ತನ್ನ ಮೇಲೆ ಹಾಕಿಕೊಳ್ಳಬಾರದು.

ನಿಜವಾಗಿಯೂ ವಾಪಸ್ ತೆಗೆದುಕೊಳ್ಳಲೇಬೇಕಾದ ಸಂದರ್ಭ ಬರುತ್ತದೆ, ಇಲ್ಲ ಅಂತಲ್ಲ. ನಾಳೆ ಡೆಡ್‌ಲೈನ್, ಕೆಲಸ ಅರ್ಧ ಆಗಿದೆ, ಆಗ ತತ್ವ ಹೇಳುತ್ತಾ ಕೂರಲಾಗುವುದಿಲ್ಲ. ಆಗ ಎದುರಿಗೆ ಕೂರಿಸಿಕೊಂಡು ನೇರವಾಗಿ ಹೇಳಿ. “ಕ್ಲೈಂಟ್ ಜೊತೆಗಿನ ಮಾತು ಈ ಸಲ ನಾನು ನೋಡ್ಕೊಳ್ತೀನಿ. ಲೆಕ್ಕ ಮತ್ತು ವಿಂಗಡಣೆ ನಿಮ್ಮ ಹತ್ತಿರವೇ ಇರಲಿ, ಅದು ಚೆನ್ನಾಗಿ ಬಂದಿದೆ. ನಾಳೆ ಮೀಟಿಂಗಿನಲ್ಲಿ ನನ್ನ ಪಕ್ಕ ಕೂತಿರಿ, ನಾನು ಏನು ಹೇಳ್ತೀನಿ, ಯಾಕೆ ಹೇಳ್ತೀನಿ ನೋಡಿ. ಮುಂದಿನ ತಿಂಗಳು ಎರಡೂ ನಿಮ್ಮದೇ.” ಎಡವಿದ ಭಾಗವನ್ನಷ್ಟೇ ತೆಗೆದುಕೊಳ್ಳಿ, ಎಲ್ಲವನ್ನೂ ಬಾಚಿಕೊಳ್ಳಬೇಡಿ. ಮುಂದಿನ ತಿಂಗಳು ಕ್ಲೈಂಟ್ ನಿಮಗೇ ಫೋನ್ ಮಾಡುತ್ತಾರೆ, ಖಂಡಿತ ಮಾಡುತ್ತಾರೆ, ಹೋದ ಸಲ ನೀವೇ ಮಾತಾಡಿದ್ದಿರಿ ತಾನೇ. ಆಗ ಫೋನ್ ಅವರ ಕೈಗೆ ಕೊಡಿ.